ತೊಡೆಸಂದಿನ ಗಂಟು, ಕಲ್ಯಾಣದುರ್ಗದ ಷರತ್ತು

ಮುಚ್ಚಿಟ್ಟಷ್ಟೂ ಕಾಯಿಲೆಗೆ ಹೊರಗೆ ಬರುವ ಚಪಲ. ಅಂಡವಾಯುವಂತೂ ಎದ್ದು ನಿಂತರೆ ಸಾಕು, ಬಂದುಬಿಡುತ್ತದೆ. ನಮ್ಮ ಸೀಮೆ ಇನ್ನೂ ಮದ್ರಾಸು ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ, ಹಿಂದೂಪುರದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ನನ್ನನ್ನು ಅದು ಆಡಿಸಿದ ಆಟ ಅಷ್ಟಿಷ್ಟಲ್ಲ.

೧. ಕಾಣೆಯಾದ ಗಂಟು

ಹಮಾಲಿ ಬರಲಿಲ್ಲವೆಂದು ಬೆಲ್ಲದ ಮೂಟೆಗೆ ನಾನೇ ಹೆಗಲು ಕೊಟ್ಟೆ. ತೊಡೆಸಂದಿನಲ್ಲಿ ಏನೋ ಜಾರಿದಂತಾಗಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತು. ಡಾಕ್ಟರು ಮಲಗಿಸಿ ನೋಡಿದರು. ಗಂಟು ಮಾಯ!

"ಏದಯ್ಯಾ, ಎಕ್ಕಡುಂದಿ? ಎಲ್ಲಯ್ಯಾ ಗಂಟು?" ಎಂದರು.

"ಈಗ್ಲೇ ಇತ್ತು ಸ್ವಾಮಿ! ನಿಂತ್ರೆ ಬತ್ತದೆ."

ಎದ್ದು ಕೆಮ್ಮಿದೆ. ಬಂತು.

"ಹೊಟ್ಟೆಯ ಗೋಡೆ ಸವೆದಿದೆ, ಆ ಕಂಡಿಯಲ್ಲಿ ಕರುಳು ಇಣುಕುತ್ತಿದೆ. ಮದ್ದಿಗೆ ಹೋಗುವುದಲ್ಲ, ಕುಯ್ದು ಹೊಲಿಯಬೇಕು."

"ವಾಸಿಯಾಯ್ತು ಸ್ವಾಮಿ" ಎಂದು ನಾನು ಮತ್ತೆ ಮಲಗಿ ತೋರಿಸಿದೆ.

೨. ತೊಗಲಿನ ಪಟ್ಟಿ

"ಕುಯ್ಸಿಕೊಳ್ಳೋಗಂಟ ನಾನು ಬರಾಕಿಲ್ಲ" ಎಂದು ಹೆಂಡತಿ ಕಲ್ಯಾಣದುರ್ಗದ ತೌರಿಗೆ ಹೋಗಿಬಿಟ್ಟಳು. ಮೂರು ತಿಂಗಳು. ಬೈಯುವವರಿಲ್ಲದ ಮನೆಯಲ್ಲಿ ಸಾರಿಗೆ ಉಪ್ಪು ಸಾಕೇ ಎಂದು ಯಾರನ್ನು ಕೇಳುವುದು? ಸಂಜೆಯಾದರೆ ಕಲ್ಯಾಣದುರ್ಗದ ಬಸ್ಸು ಬರುವ ಕಡೆ ಸುಮ್ಮನೆ ನಿಂತಿರುತ್ತಿದ್ದೆ. ನಾನು ನಿಂತರೆ ಗಂಟೂ ಬಂದು ಜೊತೆಗೆ ನಿಲ್ಲುತ್ತಿತ್ತು.

ಕೊನೆಗೆ ಗಂಟಿನ ಮೇಲೆ ತೊಗಲಿನ ಪಟ್ಟಿ ಬಿಗಿದು ಕರೆತರಲು ಹೋದೆ.

"ವಾಸಿಯಾಯ್ತು ಕಣೇ."

"ಹಂಗಾರೆ ಒಂದ್ಸಲ ಕೆಮ್ಮಿ."

ಕೆಮ್ಮಿದೆ. ಪಟ್ಟಿ ಕಿತ್ತು ಅತ್ತೆಯ ಕಾಲ ಬಳಿ ಬಿತ್ತು. ಮನೆಯೆಲ್ಲ ನಕ್ಕಿತು, ಅವಳು ನಗಲಿಲ್ಲ.

"ನಮ್ಮಪ್ಪಂಗೂ ಇದೇ ಗಂಟು. ಒಂದಿನ ಒಳಕ್ಕೆ ಹೋಗ್ಲೇ ಇಲ್ಲ. ನೋವು, ವಾಂತಿ. ಗಾಡಿ ಕಟ್ಟೋದ್ರೊಳಗೆ ಹೋಗ್ಬುಟ್ರು. ನಿಮ್ಮನ್ನೂ ಹಂಗೆ ನೋಡಾಕೆ ನನ್ ಕೈಲಾಗಾಕಿಲ್ಲ."

ಒಬ್ಬನೇ ವಾಪಸು ಬಂದೆ, ದಾರಿಯುದ್ದಕ್ಕೂ ಒಂದು ಕೈಯಲ್ಲಿ ಗಂಟು ಹಿಡಿದುಕೊಂಡು.

೩. ಎರಡು ಬೆರಳು

ಆಸ್ಪತ್ರೆ ಸೇರುತ್ತೇನೆಂದು ಕಾರ್ಡು ಬರೆದೆ. ಬಂದಳು. ಮನೆಗಲ್ಲ, ನೇರ ಆಸ್ಪತ್ರೆಗೆ; ಡಾಕ್ಟರ ಕೋಣೆಯ ಪರದೆಯಾಚೆ ಕೂತಳು. ಡಾಕ್ಟರು ನನಗೆ ಟವಲು ಹೊದಿಸಿ, ಅದರಡಿ ಕೈಯಿಟ್ಟು ಬೆರಳೊತ್ತಿ "ಕೆಮ್ಮು" ಎಂದರು. ಬೆಲ್ಲದ ಮಂಡಿಯಲ್ಲಿ ನಾವು ದರ ಕುದುರಿಸುವುದೇ ಟವಲಿನಡಿ, ಬೆರಳು ಹಿಡಿದು; ಬೆರಳಿಗೊಂದು ರೂಪಾಯಿ ಲೆಕ್ಕ. ಎಷ್ಟೋ ವರ್ಷದ ಅಭ್ಯಾಸ. ನನ್ನ ಕೈ ತಾನಾಗಿಯೇ ಹೋಗಿ ಅವರ ಎರಡು ಬೆರಳು ಹಿಡಿಯಿತು.

"ಎರಡಕ್ಕೆ ಗಿಟ್ಟಲ್ಲ ಸ್ವಾಮಿ, ಇನ್ನೊಂದು ಸೇರಿಸಿ!" ಎಂದುಬಿಟ್ಟೆ.

ಪರದೆಯಾಚೆ ನಗು. ಮೂರು ತಿಂಗಳಿಂದ ಕೇಳದ ನಗು.

ಹೊಲಿಗೆ ಬಿದ್ದ ಮೇಲೆ ಡಾಕ್ಟರ ಕಟ್ಟಪ್ಪಣೆ: ಭಾರ ಎತ್ತಬಾರದು, ಜೋರಾಗಿ ನಗಬಾರದು. ಅವಳು ಪಕ್ಕದಲ್ಲಿ ಕೂತು, ಕಂಬಳಿಯೊಳಗೆ ಕೈ ತೂರಿಸಿ ಎರಡು ಬೆರಳು ನನ್ನ ಅಂಗೈಗಿಟ್ಟಳು.

"ಮನೆಗೆ ಬತ್ತೀನಿ. ಈ ದರಕ್ಕೆ ಗಿಟ್ತದಾ, ಸಾವ್ಕಾರ್ರೇ?"

ಹೊಲಿಗೆ ಹಿಡಿದುಕೊಂಡು ನಕ್ಕೆ. ನನ್ನ ಜನ್ಮದಲ್ಲಿ ಚೌಕಾಸಿಯಿಲ್ಲದೆ ಒಪ್ಪಿಕೊಂಡ ದರ ಅದೊಂದೇ.