ಗುಹೆಯಲ್ಲಿ ಹೆದರಿದವರು ಯಾರು?

ನನಗೆ ಒಪ್ಪಿಸಿದ್ದ ಕೆಲಸ ಒಂದೇ ಕಡೆ ನಿಲ್ಲುವುದು, ಅಷ್ಟೇ. ಅದನ್ನೂ ಮಾಡಲಿಲ್ಲ. ದುಬೈಯ ಅಲ್ ಮುರಕ್ಕಬಾತಿನ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ದಿನಕ್ಕೆ ಹತ್ತು ಗಂಟೆ ನಿಲ್ಲುವವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ದೇವರು ವಿದ್ಯೆಯ ಬದಲು ಗಟ್ಟಿ ಕಾಲು ಕೊಟ್ಟಿದ್ದಾನೆ ಎಂದು ಹೆಮ್ಮೆ ಬೇರೆ. ಬೇಕಾದ ಹತ್ತು ನಿಮಿಷ ಮಾತ್ರ ಆ ಕಾಲುಗಳೇ ಕೈಕೊಟ್ಟವು.

ತಂಗಿ ಶಶಿ ಅಬುಧಾಬಿಯ ಖಲೀಫಾ ಸಿಟಿಯ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಾಳೆ. ಈದ್ ರಜೆಗೆ ಎಲ್ಲರೂ ಊರಿಗೆ ಟಿಕೆಟ್ ಮಾಡಿಸಿದರೆ ಇವಳು ನನ್ನನ್ನೂ ಸೇರಿಸಿ ಮಾರಿಷಸ್‌ಗೆ ಮಾಡಿಸಿದಳು. ಸಮುದ್ರ ನೋಡಲಿಕ್ಕೆ ಎಂದುಕೊಂಡಿದ್ದೆ. ಕರೆದುಕೊಂಡು ಹೋದದ್ದು ಕಬ್ಬಿನ ಗದ್ದೆಯ ನಡುವಿನ ಒಂದು ದೊಡ್ಡ ಬಿಲಕ್ಕೆ. "ಬೆಂಕಿಬೆಟ್ಟದಿಂದ ಇಳಿದ ಲಾವಾ ಮೇಲಿಂದ ಗಟ್ಟಿಯಾಗ್ತದೆ ಅಣ್ಣ. ಒಳಗಿನದ್ದು ಹರಿದು ಹೋಗಿ ಗುಹೆ ಉಳೀತದೆ" ಎಂದು ವಿವರಿಸಿದಳು. ಕೆನೆ ಮುರಿಯದ ಹಾಗೆ ಯಾರೋ ಅಡಿಯಿಂದ ಹಾಲನ್ನಷ್ಟೇ ಕುಡಿದು ಹೋದಂತೆ ಎಂದು ನಾನು ಅರ್ಥ ಮಾಡಿಕೊಂಡು ಅದನ್ನೇ ಹೇಳಿದೆ. "ಕರೆಕ್ಟ್! ಮಕ್ಕಳಿಗೆ ಹೀಗೇ ಹೇಳ್ತೇನೆ" ಎಂದಳು. ಮೇಷ್ಟರೊಬ್ಬರು ನನ್ನ ಉತ್ತರ ಸರಿ ಎಂದದ್ದು ಜೀವಮಾನದಲ್ಲಿ ಅದೇ ಮೊದಲು.

ಗುಹೆಯ ಬಾಯಲ್ಲಿ ನಾನು ಶೂ ಬಿಚ್ಚಿದೆ. ನಮ್ಮ ಉಡುಪಿ ಕಡೆ ಹುತ್ತದ ಹತ್ತಿರ, ನಾಗಬನದೊಳಗೆ ಚಪ್ಪಲಿ ಹಾಕಿ ಹೋಗುವ ಪದ್ಧತಿ ಇಲ್ಲ. ಬಿಲವೇ ಇಷ್ಟು ದೊಡ್ಡದಾದರೆ ಅದರ ಯಜಮಾನ ಎಷ್ಟು ದೊಡ್ಡವನಿರಬೇಡ?

"ಅಣ್ಣಾ, ಇದು ನಾಗಬನ ಅಲ್ಲ. ಒಳಗೆ ಕಲ್ಲು ಬ್ಲೇಡಿನ ಹಾಗೆ ಉಂಟು."

"ಇರಲಿ. ದೇವರ ಜೊತೆ ರಿಸ್ಕ್ ಯಾಕೆ?"

ನಮ್ಮ ಜೊತೆ ಬಂದಿದ್ದ ಅಲ್ಲಿಯ ಗೈಡ್ ನನ್ನ ಕಾಲುಚೀಲಗಳನ್ನು ಕನಿಕರದಿಂದ ನೋಡಿ ಟಾರ್ಚ್ ಕೊಟ್ಟ. ಒಳಗೆ ಗೋಡೆಯೆಲ್ಲ ಎಣ್ಣೆ ಸವರಿದಂತೆ ಕಪ್ಪಗೆ ಮಿನುಗುತ್ತಿತ್ತು. ಶಶಿ ಅದನ್ನು ಎಳೆಮಗುವಿನ ಕೆನ್ನೆಯಂತೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನಾನು ಹೆಜ್ಜೆಗೊಂದು 'ಅಯ್ಯೋ' ಎನ್ನುತ್ತಿದ್ದೆ. ಗುಹೆ ಕವಲೊಡೆಯುವ ಕಡೆ ಗೈಡ್ ನನ್ನನ್ನು ನಿಲ್ಲಿಸಿದ. "ನಾವು ಒಳಗೆ ನೋಡಿಕೊಂಡು ಬರುತ್ತೇವೆ. ನಿನ್ನ ಬೆಳಕೇ ನಮಗೆ ಗುರುತು, ಅಲ್ಲಾಡಬೇಡ" ಎಂದ ಹಿಂದಿಯಲ್ಲಿ. ಅವರು ಮರೆಯಾದರು. ಆಗ ಕಿವಿಯ ಪಕ್ಕದಲ್ಲೇ ಏನೋ ಸರ್ರೆಂದು ಹೋಯಿತು. ಅದು ಗುಹೆಯಲ್ಲಿ ಗೂಡು ಕಟ್ಟುವ ಪುಟ್ಟ ಹಕ್ಕಿ ಎಂದು ಆಮೇಲೆ ಗೊತ್ತಾಯಿತು. ನನಗಾಗ ಕಂಡದ್ದು ನಾಗನ ಏಳು ಹೆಡೆ. ಓಡಿದೆ. ಕಾಲು ಹರಿದು ರಕ್ತ ಬಂದದ್ದು ತಿಳಿದದ್ದೂ ಹೊರಗೆ, ಬಿಸಿಲಿಗೆ ಬಂದ ಮೇಲೆಯೇ. ಟಾರ್ಚ್ ನನ್ನ ಕೈಯಲ್ಲೇ ಇತ್ತು.

ಬೆಳಕು ಕಾಣದೆ ಅವರು ಬೇರೆ ಕವಲಿಗೆ ನುಗ್ಗಿದ್ದರು. ಅರ್ಧ ಗಂಟೆಯ ಮೇಲೆ ಗೈಡ್‌ನ ಹಿಂದೆ ಶಶಿ ಮೊಣಕಾಲು ತರಚಿಕೊಂಡು ತೆವಳಿ ಬಂದಳು. ಬೈಯುತ್ತಾಳೆಂದು ಕಾದೆ. ನನ್ನ ಪಾದ ನೋಡಿ, "ಬ್ಯಾಗಿನಲ್ಲಿ ಬ್ಯಾಂಡೇಜ್ ಉಂಟು, ಕೂತ್ಕೋ" ಎಂದಳು. ಬೈದಿದ್ದರೆ ಲೆಕ್ಕ ಅಲ್ಲಿಗೇ ಖಲಾಸ್ ಆಗುತ್ತಿತ್ತು.

ದುಬೈಗೆ ಬಂದ ಮೇಲೆ, ಶುಕ್ರವಾರ ಊರಿನವರೆಲ್ಲ ಸೇರುವ ಊಟದಲ್ಲಿ, ಕಾಲಿಗೆ ಏನಾಯ್ತೆಂದು ಯಾರೋ ಕೇಳಿದರು. ಶಶಿ ಒಳಗೆ ಅನ್ನ ಬಸಿಯುತ್ತಿದ್ದಳು. "ಶಶಿ ಗುಹೆಯಲ್ಲಿ ಹೆದರಿ ಕಿರುಚಿದಳು, ಎತ್ತಿಕೊಂಡು ಬಂದೆ" ಎಂದುಬಿಟ್ಟೆ. ಎಲ್ಲರೂ ನಕ್ಕರು. ಶಶಿ ಬಾಗಿಲಿಗೆ ಬಂದು ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ಮುಂದಿನ ತಿಂಗಳು ಮಕ್ಕಳನ್ನು ಒಮಾನಿನ ಗುಹೆಗೆ ಕರೆದೊಯ್ಯಲು ಶಾಲೆ ಅವಳಿಗೆ ಒಪ್ಪಿಗೆ ಕೊಟ್ಟಿತು. ಎರಡು ವರ್ಷ ಬೆನ್ನುಹತ್ತಿ ಪಡೆದ ಒಪ್ಪಿಗೆ ಅದು. ಆ ಶುಕ್ರವಾರ ಊಟಕ್ಕೆ ಕೂತಾಗ, ಅಬುಧಾಬಿಯಿಂದ ಬಂದಿದ್ದ ಜಯಕರಣ್ಣ, ಅವರ ಮಗಳು ಓದುವುದು ಶಶಿಯ ಕ್ಲಾಸಿನಲ್ಲೇ, ಅನ್ನ ಕಲಸುತ್ತಾ, "ಬೇಜಾರು ಮಾಡ್ಬೇಡ ಶಶಿ. ಗುಹೆಯಲ್ಲಿ ಕಿರುಚುವವರ ಜೊತೆ ಮಕ್ಕಳನ್ನು ಕಳಿಸ್ಲಿಕ್ಕೆ ಆಗ್ತದಾ? ಬೇರೆ ಟೀಚರನ್ನು ಹಾಕಿ ಅಂತ ನಾವು ನಾಲ್ಕು ಜನ ಶಾಲೆಗೆ ಬರೀತಿದ್ದೇವೆ" ಎಂದರು.

ಒಂದೇ ಮಾತಲ್ಲಿ ಅವಳು ಪಾರಾಗಬಹುದಿತ್ತು. ಅವಳು ತಟ್ಟೆಯಲ್ಲಿನ ಮೀನಿನ ಮುಳ್ಳು ಬಿಡಿಸುತ್ತಾ ಕೂತಳು. ಅಷ್ಟು ಜನರ ಎದುರು ಅಣ್ಣನ ಮಾನ ಕಾಯುತ್ತಿದ್ದಳು.

"ಜಯಕರಣ್ಣ, ಬರೀಬೇಡಿ" ಎಂದೆ. "ಎತ್ತಿಕೊಂಡು ಬಂದದ್ದು ಸುಳ್ಳು. ಹಕ್ಕಿಗೆ ಹೆದರಿ ಓಡಿದ್ದು ನಾನು."

"ಹಕ್ಕಿಗಾ? ಎಷ್ಟು ದೊಡ್ಡದು ಮಾರಾಯ?"

ಹೆಬ್ಬೆರಳು ತೋರಿಸಿದೆ. ಕೋಣೆಯಿಡೀ ನಕ್ಕಿತು, ಶಶಿ ಮಾತ್ರ ನಗಲಿಲ್ಲ. ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು. ಆ ನಗುವಿನ ನಡುವೆಯೇ ಹೇಳಿದೆ:

"ತಪ್ಪಾಯ್ತು ಶಶಿ. ಕತ್ತಲಲ್ಲಿ ನಿನ್ನನ್ನು ಬಿಟ್ಟು ಓಡಿದ್ದಕ್ಕೆ ಒಂದು, ಬೆಳಕಿಗೆ ಬಂದ ಮೇಲೆ ನಿನ್ನ ಹೆಸರು ಹೇಳಿದ್ದಕ್ಕೆ ಇನ್ನೊಂದು."