ಉಂಡಾದ ಮೇಲೆ ಹೇಳುವ ಸುದ್ದಿ

1993ರ ಬೇಸಿಗೆಯಲ್ಲಿ, ದುದ್ದದಿಂದ ಎರಡು ಮೈಲಿ ಒಳಗಿರುವ ನನ್ನ ಸೋದರಮಾವನ ಊರಿಗೆ ಮೊದಲ ಟೆಲಿಫೋನ್ ಬಂತು. ಹಾಲಿನ ಡೇರಿಯ ಕಾರ್ಯದರ್ಶಿಯ ನಡುಮನೆಯಲ್ಲಿ ಕಸೂತಿ ಬಟ್ಟೆ ಹಾಸಿ ಅದನ್ನು ಕೂರಿಸಿದರು. ಊರಿಗೆ ಊರೇ ಹೋಗಿ ನೋಡಿ ಬಂತು. ಮಾವ ಹೋಗಲಿಲ್ಲ. ಮನುಷ್ಯ ಕಂಡುಹಿಡಿದ ವಸ್ತುಗಳಲ್ಲಿ ಯಾವುದು ಇಲ್ಲದಿದ್ದರೆ ಲೋಕ ಚೆನ್ನಾಗಿರುತ್ತಿತ್ತು ಎಂದು ಕೇಳಿದರೆ ಜನ ಬಾಂಬು ಎನ್ನುತ್ತಾರೆ, ಬಂದೂಕು ಎನ್ನುತ್ತಾರೆ, ಸಾರಾಯಿ ಎನ್ನುತ್ತಾರೆ. ನಮ್ಮ ಮಾವ ಬಾಂಬನ್ನಾದರೂ ಕ್ಷಮಿಸುತ್ತಿದ್ದರು. ಟೆಲಿಫೋನನ್ನು ಕಡೆಯವರೆಗೂ ಕ್ಷಮಿಸಲಿಲ್ಲ!

ಇದು ವೃತ್ತಿಮತ್ಸರ ಎಂದು ನಾವು ನಗುತ್ತಿದ್ದೆವು. ಮಾವ ರಾಗಿ, ತೆಂಗು ಬೆಳೆಯುವ ರೈತರೇ. ಆದರೆ ನೆಂಟರ ಬಳಗದಲ್ಲಿ ಅವರಿಗೆ ಇನ್ನೊಂದು ಕೆಲಸವಿತ್ತು: ಸಾವಿನ ಸುದ್ದಿ ಮುಟ್ಟಿಸುವುದು. ನಮ್ಮ ಕಡೆಯಲ್ಲಿ ಮೊದಲು ಸೈಕಲ್ ಕೊಂಡವರು ಅವರು. ಹಾಗಾಗಿ ಯಾರು ತೀರಿಕೊಂಡರೂ ಅವರನ್ನೇ ಕಳಿಸುತ್ತಿದ್ದರು. ದೂರದ ಊರಾದರೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿ, ಇಳಿದ ಕಡೆಯಿಂದ ತುಳಿಯುತ್ತಿದ್ದರು. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ, ಎಲ್ಲ ಕಡೆಯ ನೆಂಟರಿಗೂ ಆ ಸೈಕಲ್ಲಿನ ಗಂಟೆಯ ಸದ್ದು ಗೊತ್ತಿತ್ತು.

ಸುದ್ದಿ ಹೇಳುವುದರಲ್ಲಿ ಅವರದೇ ಒಂದು ಪದ್ಧತಿ. ನಾನು ಹಾಸನದ ಒಂದು ಪತ್ರಿಕೆಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಾಗ ಕಲಿಸಿದ ಮೊದಲ ಪಾಠವೆಂದರೆ, ಯಾರು, ಎಲ್ಲಿ, ಯಾವಾಗ ಎಂಬುದೆಲ್ಲ ಮೊದಲ ವಾಕ್ಯದಲ್ಲೇ ಬರಬೇಕು. ಮಾವನ ಪಾಠ ಇದಕ್ಕೆ ತಿರುವುಮುರುವು. ಮನೆಗೆ ಹೋಗಬೇಕು, ಕಾಲು ತೊಳೆಯಬೇಕು, ನೀರು ಕೇಳಬೇಕು. ಮಳೆಯ ಮಾತು, ದನದ ಮಾತು, ತೆಂಗಿನ ಮಾತು ಆಡಬೇಕು. ಅಡಿಗೆ ಆಗಿದೆಯೇ ನೋಡಬೇಕು. ಆಗಿಲ್ಲದಿದ್ದರೆ ಆಗುವ ತನಕ ಕಾಯಬೇಕು. ಮನೆಯವರೆಲ್ಲ ಕೂತು ಉಂಡು ಕೈ ತೊಳೆದ ಮೇಲೆ, "ಬಟ್ಟೆ ಹಾಕ್ಕೊಳ್ಳಿ, ಹೊರಡಾನ" ಅನ್ನಬೇಕು. ಹೇಳುವುದು ಅಷ್ಟೇ. ಮಿಕ್ಕಿದ್ದು ಅವರಿಗೇ ತಿಳಿಯುತ್ತಿತ್ತು.

ಕಾರಣ ಸರಳ. ಸಾವು ಕಿವಿಗೆ ಬಿದ್ದ ಮೇಲೆ ಮಣ್ಣಾಗುವ ತನಕ ಯಾರೂ ಉಣ್ಣುವಂತಿಲ್ಲ. ಅರಕಲಗೂಡಿನ ಮುದುಕಿ ಎರಡು ಬಸ್ಸು ಬದಲಾಯಿಸಿ ದುದ್ದಕ್ಕೆ ಬಂದು, ಸಂಜೆಯವರೆಗೆ ಅತ್ತು, ತಿರುಗಿ ಹೋಗಬೇಕು. ಅದನ್ನೆಲ್ಲ ಖಾಲಿ ಹೊಟ್ಟೆಯಲ್ಲಿ ಮಾಡುವುದು ಹೇಗೆ? ಅದಕ್ಕೇ ಮೊದಲು ಮುದ್ದೆ, ಆಮೇಲೆ ಸುದ್ದಿ. ಮಾವನಿಗೆ ಮೊದಲೇ ಗೊತ್ತಿರುವುದರಿಂದ ಅವರು ಮಾತ್ರ ಉಣ್ಣುತ್ತಿರಲಿಲ್ಲ. ಬಲವಂತ ಮಾಡಿದರೆ, "ನಂಗೆ ಹೊಟ್ಟೆ ಸರೀಗಿಲ್ಲ ಕಣವ್ವ" ಅನ್ನುತ್ತಿದ್ದರು.

ಇದರಿಂದ ತೊಂದರೆಯೂ ಇಲ್ಲದಿರಲಿಲ್ಲ. ಮಗಳ ಮದುವೆಯ ಕಾಗದ ಹಂಚಲು ಅರಕಲಗೂಡಿಗೆ ಹೋದಾಗ, ಬಾಗಿಲಲ್ಲಿ ಸೈಕಲ್ ಕಂಡದ್ದೇ ತಡ, ದೊಡ್ಡಮ್ಮ ಎದೆ ಬಡಿದುಕೊಂಡು ಅಳಲು ಶುರು ಮಾಡಿದರು. ಅಕ್ಕಪಕ್ಕದವರೆಲ್ಲ ಸೇರಿದರು. ಮಾವ ಅರಿಸಿನ ಹಚ್ಚಿದ ಲಗ್ನಪತ್ರಿಕೆಯನ್ನು ಮುಂದೆ ಹಿಡಿದು ನಿಂತೇ ಇದ್ದಾರೆ.

"ಯಾರೋದ್ರು ಏಳ್ಬುಡಪ್ಪ."

"ಯಾರೂ ಓಗಿಲ್ಲ ಕಣಕ್ಕ, ಮದ್ವೆ."

"ನಿನ್ನ ಬುದ್ಧಿ ನಂಗೊತ್ತಿಲ್ವಾ? ಉಣ್ಣು ಮತ್ತೆ, ನೋಡಾನ."

ಯಾರೂ ಸತ್ತಿಲ್ಲ ಎಂದು ರುಜುವಾತು ಮಾಡಲು ಮಾವ ಅಷ್ಟೂ ಜನರ ಎದುರು ಕೂತು ಎರಡು ಮುದ್ದೆ ಉಣ್ಣಬೇಕಾಯಿತು. ಆ ಸಲ ಹನ್ನೊಂದು ಮನೆಗೆ ಕಾಗದ ಕೊಟ್ಟರು. ಹನ್ನೊಂದು ಮನೆಯಲ್ಲೂ ಇದೇ ಪರೀಕ್ಷೆ! ಮದುವೆಯ ದಿನ ನಿಜವಾಗಿಯೂ ಅವರ ಹೊಟ್ಟೆ ಸರಿಯಿರಲಿಲ್ಲ.

ಫೋನಿನ ಮೇಲೆ ಅವರ ದ್ವೇಷ ಹುಟ್ಟಿದ್ದು ಕಾರ್ಯದರ್ಶಿಯ ಮನೆಗೆ ಅದು ಬಂದ ಮೂರನೆಯ ತಿಂಗಳು. ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿದ್ದ ಅತ್ತೆಯ ತಾಯಿ ತೀರಿಕೊಂಡರು. ಸುದ್ದಿ ಫೋನಿಗೆ ಬಂತು. ಕಾರ್ಯದರ್ಶಿ ಒಳ್ಳೆಯ ಮನುಷ್ಯ, ತಡ ಮಾಡಬಾರದೆಂದು ಬೇಲಿಯ ಆಚೆಯಿಂದಲೇ ಕೂಗಿ ಹೇಳಿದ. ಅತ್ತೆ ಆಗ ಒಲೆಯ ಮುಂದೆ ಹಿಟ್ಟು ತಿರುವುತ್ತಿದ್ದರು. ಕೋಲನ್ನು ಅದರಲ್ಲೇ ಬಿಟ್ಟು ಎದ್ದರು. ಬೆಳಗಿನಿಂದ ಒಂದು ಲೋಟ ಕಾಫಿ ಬಿಟ್ಟರೆ ಏನೂ ಇಳಿದಿರಲಿಲ್ಲ. ಹಾಸನದ ಬಸ್ ನಿಲ್ದಾಣದಲ್ಲಿ ತಲೆ ಸುತ್ತಿ ಬಿದ್ದರು, ಹಣೆ ಒಡೆಯಿತು. ತಾಯಿಯ ಮುಖ ನೋಡಲು ಸಿಗಲಿಲ್ಲ. ಇವರು ತಲುಪುವ ಹೊತ್ತಿಗೆ ಮಣ್ಣಾಗಿತ್ತು.

ಫೋನಿನ ಉಪಯೋಗಗಳ ಬಗ್ಗೆ ನಾನು ಎಷ್ಟು ವಿವರಿಸಿದರೂ ಮಾವನ ಪ್ರಶ್ನೆ ಒಂದೇ. "ಉಂಡವ್ಳಾ ಅಂತ ಅದು ಕೇಳ್ತೇನ್ಲಾ?"

ನನ್ನ ಪತ್ರಿಕೆಯನ್ನೂ ಅವರು ಬಿಟ್ಟವರಲ್ಲ. ನಿಧನ ವಾರ್ತೆಗಳನ್ನು ಕೊನೆಯ ಪುಟದ ಕೆಳಮೂಲೆಗೆ ಹಾಕಬೇಕು, ಅಲ್ಲಿಗೆ ಬರುವಷ್ಟರಲ್ಲಿ ಜನ ತಿಂಡಿ ಮುಗಿಸಿರುತ್ತಾರೆ ಎಂದು ಸಲಹೆ ಕೊಟ್ಟರು. ನಾನು ಅದನ್ನು ಸಂಪಾದಕರಿಗೆ ತಿಳಿಸಿದೆ. ಅವರು ನಕ್ಕರು. ಮಾವ ನಗಲಿಲ್ಲ.

ಮಾವ ಒಮ್ಮೆ ಫೋನಿಗೂ ಒಂದು ಅವಕಾಶ ಕೊಟ್ಟು ನೋಡಿದರು. ಹಾಸನದಲ್ಲಿ ನೆಂಟರೊಬ್ಬರು ತೀರಿಕೊಂಡಾಗ, ಹೊತ್ತಿಲ್ಲ ಎಂದು ನಾನೇ ಅವರನ್ನು ಎಸ್‌ಟಿಡಿ ಬೂತಿಗೆ ನೂಕಿ ಹೊಳೆನರಸೀಪುರದ ನೆಂಟರ ಮನೆಯ ನಂಬರ್ ಒತ್ತಿಕೊಟ್ಟೆ. ಮಾವ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಮಳೆ ವಿಚಾರಿಸಿದರು, ದನ ವಿಚಾರಿಸಿದರು, ಊಟ ಆಯಿತೇ ಎಂದರು. ಆಗಿಲ್ಲ, ಈಗ ಕೂರಬೇಕು ಎಂದು ಆ ಕಡೆಯಿಂದ ಉತ್ತರ. "ಉಣ್ಣಿ ಮತ್ತೆ. ನಾ ಇಡ್ಕೊಂಡಿರ್ತೀನಿ" ಎಂದು ಮಾವ ನಿಂತುಬಿಟ್ಟರು! ಗಾಜಿನ ಬಾಗಿಲಾಚೆ ಐದು ಜನ ಕಾಯುತ್ತಿದ್ದರು. ಆ ಕಡೆಯವರಿಗೆ ಇದು ತಮಾಷೆ ಎನ್ನಿಸಿ ಫೋನ್ ಇಟ್ಟರು. ಮಾವ ಸೀದಾ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋಗಿ, ಅವರು ಉಂಡದ್ದನ್ನು ಕೇಳಿ ಖಾತ್ರಿ ಮಾಡಿಕೊಂಡು, ಎಲ್ಲರನ್ನೂ ಮುಂದಿನ ಬಸ್ಸಿಗೆ ಕರೆತಂದರು. ಮಣ್ಣಿಗೆ ಮುಂಚೆ ತಲುಪಿದರು. ಫೋನಿನಿಂದ ಯಾವ ಕೆಲಸವೂ ಬೇಗ ಆಗುವುದಿಲ್ಲ ಎಂಬುದಕ್ಕೆ ಆಮೇಲೆ ಅವರು ಕೊಡುತ್ತಿದ್ದ ಪುರಾವೆ ಇದೇ.

ಕೊನೆಗೆ ಮಗಳ ಒತ್ತಾಯಕ್ಕೆ ಅವರ ಮನೆಗೂ ಫೋನ್ ಬಂತು. ಮಾವ ಅದರ ಮೇಲೊಂದು ಟವೆಲ್ ಹೊದಿಸಿದರು. ಅದು ಕೂಗಿಕೊಂಡರೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದರು.

2001ರಲ್ಲಿ ನನ್ನ ತಾಯಿ, ಅಂದರೆ ಮಾವನ ಅಕ್ಕ, ಹಾಸನದ ಆಸ್ಪತ್ರೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ತೀರಿಕೊಂಡರು. ಎರಡು ದಿನದ ಹಿಂದೆ ಮಾವ ನೋಡಿಹೋಗಿದ್ದರು. ವಾಸಿಯಾಗುತ್ತದೆ ಎಂದೇ ಎಲ್ಲರೂ ತಿಳಿದಿದ್ದೆವು. ಫೋನ್ ಮಾಡಿಬಿಡು ಎಂದು ಜೊತೆಯಲ್ಲಿದ್ದವರು ಹೇಳಿದರು. ಎರಡು ಅಂಕಿ ಒತ್ತಿ ಇಟ್ಟುಬಿಟ್ಟೆ. ದುದ್ದದ ಬಸ್ಸು ಹತ್ತಿದೆ.

ಮಾವ ಆಗ ತಾನೆ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದರು. ಮಳೆ ವಿಚಾರಿಸಿದೆ. ತೆಂಗಿಗೆ ಬಿದ್ದಿದ್ದ ನುಸಿರೋಗ ವಿಚಾರಿಸಿದೆ. ಅಕ್ಕ ಹೇಗಿದ್ದಾಳೆ ಎಂದು ಅವರು ಕೇಳಿದರು. ಹಾಗೇ ಇದ್ದಾರೆ ಎಂದೆ. ಊಟ ಆಯಿತೇ ಎಂದು ಕೇಳಿದೆ.

"ಈಗ ಕೂರ್ಬೇಕು. ಬಾ, ನೀನೂ ಒಂದ್ ಮುದ್ದೆ ಉಣ್ಣು."

"ಹೊಟ್ಟೆ ಸರಿಯಿಲ್ಲ ಮಾವ."

ಹೇಳಿದ ಮೇಲೆಯೇ ನಾನು ಏನು ಹೇಳಿದೆನೆಂದು ನನಗೆ ತಿಳಿದದ್ದು. ಮಾವನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ನನ್ನ ಮುಖವನ್ನು ಹೆಚ್ಚು ಹೊತ್ತು ನೋಡಲಿಲ್ಲ. ಒಳಗೆ ಹೋಗಿ ಅತ್ತೆಗೆ ಹೇಳಿದರು:

"ನೀನೂ ತಟ್ಟೆ ಆಕ್ಕೊ. ಜೊತೇಲೇ ಉಣ್ಣಾನ."

ಮದುವೆಯಾಗಿ ಮೂವತ್ತು ವರ್ಷದಲ್ಲಿ ಹೀಗೆ ಕರೆದವರಲ್ಲ, ಇವತ್ತೇನು ಬಂತು ಎಂದು ಅತ್ತೆ ನಗುತ್ತಾ ಕೂತರು. ಹುರುಳಿಕಾಳಿನ ಸಾರು. ಮಾವ ಉಂಡರು. ಅವರು ಉಣ್ಣದಿದ್ದರೆ ಅತ್ತೆಗೆ ತಿಳಿಯುತ್ತಿತ್ತು. ಒಂದೊಂದು ತುತ್ತಿಗೂ ಒಂದು ಗುಟುಕು ನೀರು ಕುಡಿದು ಇಳಿಸಿದರು. ನಡುವೆ ನುಸಿರೋಗದ ಮಾತು ಆಡಿದರು, ಕರು ಹಾಕಬೇಕಿದ್ದ ಹಸುವಿನ ಮಾತು ಆಡಿದರು. ಅತ್ತೆ ಎರಡನೆಯ ಸಲ ಸಾರು ಬಡಿಸಿಕೊಂಡರು. ಗೊತ್ತಿದ್ದೂ ಮಾವ ಉಂಡದ್ದು, ನಾನು ಬಲ್ಲಂತೆ, ಅದೊಂದೇ ಸಲ.

ಅತ್ತೆ ತಟ್ಟೆ ತೊಳೆಯಲು ಹಿತ್ತಿಲಿಗೆ ಹೋದರು. ಮಾವ ಜಗಲಿಗೆ ಬಂದು ನನ್ನ ಪಕ್ಕ ಕೂತರು.

"ಯಾವೊತ್ತು?"

"ಹತ್ತು ಗಂಟೆಗೆ."

ಮಾವ ನನ್ನ ಬೆನ್ನ ಮೇಲೆ ಕೈಯಿಟ್ಟರು. "ನಿಂಗೆ ಉಣ್ಣಿಸಿ ಏಳೋರು ಯಾರೂ ಇರ್ಲಿಲ್ಲ ಕಣ್ಲಾ" ಎಂದರು. ಆಮೇಲೆ ಒಳಗೆ ಹೋಗಿ ಅಂಗಿ ಹಾಕಿಕೊಂಡರು.

2007ರಲ್ಲಿ ಒಂದು ಮಧ್ಯಾಹ್ನ ಕಚೇರಿಯಲ್ಲಿ ನನ್ನ ಮೊಬೈಲಿಗೆ ಮಾವನ ಮನೆಯ ನಂಬರಿನಿಂದ ಕರೆ ಬಂತು. ಆ ಕಡೆ ಅತ್ತೆ ಇದ್ದರು.

"ಉಂಡ್ಯೇನಪ್ಪ?"

"ಇಲ್ಲ ಅತ್ತೆ. ಈಗ ಡಬ್ಬಿ ತೆಗೀಬೇಕು."

"ಉಂಡ್ಬುಟ್ಟು ಫೋನ್ ಮಾಡು" ಎಂದು ಅತ್ತೆ ಫೋನ್ ಇಟ್ಟರು.

ಡಬ್ಬಿಯಲ್ಲಿ ಎರಡು ಚಪಾತಿ, ಬದನೆಕಾಯಿ ಪಲ್ಯ ಇತ್ತು. ಎರಡೂ ಚಪಾತಿ ತಿಂದೆ. ಕೈ ತೊಳೆದು ಬಂದು, ಆ ನಂಬರಿಗೆ ಫೋನ್ ಮಾಡಿದೆ.