ಮೂರನೇ ಮಹಡಿಯ ದೃಷ್ಟಿಬೊಂಬೆ

ದೆವ್ವಕ್ಕೂ ಬಿಸಿಲು ಬೇಕಾಗುತ್ತದೆ. ಇಷ್ಟು ಸಣ್ಣ ಸಂಗತಿ ಶ್ರಾವಣದ ಮೋಡಕ್ಕೆ ಗೊತ್ತಿದ್ದಿದ್ದರೆ ಶ್ಯಾಮಸುಂದರನ ಆ ಶನಿವಾರ ಹಾಗೆ ಹಾಳಾಗುತ್ತಿರಲಿಲ್ಲ.

ಶ್ಯಾಮಸುಂದರ ಮೂಡಲಪಾಳ್ಯದಲ್ಲಿ, ಲಿಂಗಮ್ಮನವರ ಮನೆಯ ಮೇಲಿನ ಒಂಟಿ ರೂಮಿನಲ್ಲಿ ಕೂತು ಹೊಟ್ಟೆಪಾಡಿಗೆ ದೆವ್ವ ಬರೆಯುತ್ತಿದ್ದ. ಆಫೀಸಿಲ್ಲ, ಸಂಬಳವಿಲ್ಲ. ಹಾರರ್ ಕಾದಂಬರಿಯ ಮುಖಪುಟ, ಯೂಟ್ಯೂಬಿನಲ್ಲಿ ದೆವ್ವದ ಕತೆ ಹೇಳುವವರ ಪೋಸ್ಟರು, ಯಾರು ಕೇಳಿದರೆ ಅವರಿಗೆ ಬಾವಿಯಿಂದ ಏಳುವ ಹೆಂಗಸನ್ನೋ ಗೋಡೆ ಮೇಲೆ ಹರಿದಾಡುವ ಮುದುಕನನ್ನೋ ಬರೆದು ಕಳಿಸುವುದು ಅವನ ಕಸುಬು. ಮನುಷ್ಯ ಮಾತ್ರ ಜಿರಲೆ ಕಂಡರೆ ಮಂಚ ಹತ್ತುವವನು.

ಇಂಥವನಿಗೆ ಮನೆ ಯಾರು ಕೊಡುತ್ತಾರೆ ಹೇಳಿ. ನಾಗರಬಾವಿಯಲ್ಲಿ ಓನರ್ ಹೆಂಡತಿ ಬಾಡಿಗೆ ಕೇಳಲು ಬಂದವಳು ಗೋಡೆ ಮೇಲಿನ ಚಿತ್ರ ನೋಡಿ ಬಾಗಿಲಲ್ಲೇ ಕುಸಿದಳು. ಹೊಸಹಳ್ಳಿಯ ಓನರ್ ರೂಮಿಗೆಲ್ಲ ಗೋಮೂತ್ರ ಚಿಮುಕಿಸಿ, ಅಡ್ವಾನ್ಸ್ ಕೈಗಿಟ್ಟು ಸಾಗಹಾಕಿದ. ಹಾಗಾಗಿ ಲಿಂಗಮ್ಮನವರ ಹತ್ತಿರ ಶ್ಯಾಮಸುಂದರ, "ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀತೀನಿ ಆಂಟಿ" ಎಂದು ಒಂದು ಸುಳ್ಳು ಹೇಳಿ ಸೇರಿಕೊಂಡಿದ್ದ. ಬ್ಯಾಚುಲರ್‌ಗೆ ರೂಮು ಕೊಡುವ ಮನೆ ಆ ಸುತ್ತಿನಲ್ಲಿ ಇದೊಂದೇ. ಇದೂ ಹೋದರೆ ಬಣ್ಣದ ಡಬ್ಬಿ ಹೊತ್ತುಕೊಂಡು ತಿಪಟೂರಿಗೆ ಹೋಗಿ ಅಪ್ಪನ ಮುಂದೆ ನಿಲ್ಲಬೇಕು. ಅದಕ್ಕಿಂತ ದೊಡ್ಡ ದೆವ್ವ ಅವನ ಪಾಲಿಗೆ ಬೇರೆ ಇರಲಿಲ್ಲ.

ಈಚೆಗೆ ಒಂದು ಮುಖಪುಟದ ಕೆಲಸ ಅವನ ಪ್ರಾಣ ತಿನ್ನುತ್ತಿತ್ತು. ಎಷ್ಟು ಸಲ ಬರೆದು ಕಳಿಸಿದರೂ ಪ್ರಕಾಶಕರದ್ದು ಒಂದೇ ಉತ್ತರ: "ಚೆನ್ನಾಗಿದೆ, ಆದ್ರೆ ಭಯ ಆಗ್ತಾ ಇಲ್ಲ." ಭಯ ಎಲ್ಲಿಂದ ತರುವುದು? ತಲೆಕೆಟ್ಟು ಕಿಟಕಿಯ ಬಳಿ ನಿಂತಿದ್ದಾಗ ಕೆಳಗೆ ಲಿಂಗಮ್ಮನವರು ಕಾಣಿಸಿದರು. ಗೇಟಿನ ಮುಂದೆ ಕಸದ ಕವರ್ ಎಸೆದು ಓಡುತ್ತಿದ್ದವನನ್ನು ಹಿಡಿದು ನಿಲ್ಲಿಸಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗೆ, ಒಂದು ಹುಬ್ಬು ಮೇಲೆ, ಕಣ್ಣು ನೆಟ್ಟಿದ್ದು ನೆಟ್ಟ ಹಾಗೇ. ಕಸ ಎಸೆದವನು ಕವರ್ ಎತ್ತಿ ಎದೆಗೆ ಅವುಚಿಕೊಂಡು ಹೊರಟುಹೋದ. ಶ್ಯಾಮಸುಂದರ ನಡುಗುವ ಕೈಯಲ್ಲೇ ಕುಂಚ ಎತ್ತಿದ. ದಪ್ಪ ಬೋರ್ಡಿನ ಮೇಲೆ, ಬಣ್ಣವನ್ನು ಗಾರೆಯ ಹಾಗೆ ಮೆತ್ತಿ, ಕೆದರಿದ ಕೂದಲು, ಬಿಳಿ ಸೀರೆ ಹಾಕಿ ಆ ಮುಖವನ್ನು ಬರೆದ. ಮುಗಿಸಿ ನೋಡಿದಾಗ ಬರೆದವನಿಗೇ ಎದೆ ಝಲ್ ಎಂದಿತು. ಅವನ ಕೈಯಿಂದ ಹುಟ್ಟಿದ ಮೊದಲ ನಿಜವಾದ ದೆವ್ವ ಅದು.

ಆದರೆ ರೂಮಿನ ಥಂಡಿಗೆ ಬಣ್ಣ ಒಣಗಲಿಲ್ಲ. ಶನಿವಾರ ಬೆಳಗ್ಗೆ ಲಿಂಗಮ್ಮನವರು ರೇಷ್ಮೆ ಸೀರೆ ಉಟ್ಟು ಕೆಂಗೇರಿಗೆ, ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಹೊರಟರು. ಆಟೊ ತಿರುವು ದಾಟಿದ ಮೇಲೆ ಶ್ಯಾಮಸುಂದರ ಬೋರ್ಡನ್ನು ಟೆರೇಸಿಗೆ ತಂದು, ಮೋಡದ ಸಂದಿಯಿಂದ ಒಂದು ಚೂರು ಬಿಸಿಲು ಬೀಳುತ್ತಿದ್ದ ಕಡೆ ಪ್ಯಾರಪೆಟ್ ಗೋಡೆಗೆ ಒರಗಿಸಿದ. ಒಣಗಿದ ಮೇಲೆ ಫೋಟೊ ತೆಗೆದು ಕಳಿಸುವುದು, ಚಿತ್ರವನ್ನು ಮಂಚದ ಕೆಳಗೆ ತಳ್ಳುವುದು ಎಂದುಕೊಂಡು ಇಡ್ಲಿ ತಿನ್ನಲು ಹೋದ.

ಬಂದು ನೋಡಿದರೆ ಗೋಡೆ ಖಾಲಿ.

ಬಗ್ಗಿ ನೋಡಿದ, ನೀರಿನ ಟ್ಯಾಂಕಿನ ಹಿಂದೆ ಹುಡುಕಿದ. ಕೊನೆಗೆ ಬೀದಿಗಿಳಿದು ತಲೆ ಎತ್ತಿದವನಿಗೆ ಇಡ್ಲಿ ಗಂಟಲಿಗೆ ವಾಪಸು ಬಂತು. ಪಕ್ಕದಲ್ಲಿ ನಂಜುಂಡಪ್ಪನವರು ಕಟ್ಟಿಸುತ್ತಿದ್ದ ಮನೆಯ ಮೂರನೇ ಮಹಡಿಯಲ್ಲಿ, ಎರಡು ಕಂಬಗಳ ನಡುವೆ, ಇಡೀ ಬೀದಿಗೆ ಕಾಣುವ ಹಾಗೆ ಲಿಂಗಮ್ಮನವರು ತೂಗಾಡುತ್ತಿದ್ದರು. ಕೆಳಗೆ ಒಂದು ಬೂದುಗುಂಬಳ, ನಿಂಬೆಹಣ್ಣು, ಮೆಣಸಿನಕಾಯಿ.

"ಅಣ್ಣಾ, ಅದು ನಂದು! ಬಿಚ್ಚಿ!" ಎಂದು ಕೂಗಿಕೊಂಡು ಮೇಲೆ ಓಡಿದ.

ಗದಗದ ಕಡೆಯಿಂದ ಬಂದಿದ್ದ ಮೇಸ್ತ್ರಿ ಫಕೀರೇಶ ಕರಣೆ ಕೆಳಗಿಟ್ಟ. "ನಿಮ್ದ್ರೀ? ನಿನ್ನೆ ನಮ್ಮ ಸಾಹುಕಾರ್ರು, ನಾಳೆ ದೃಷ್ಟಿಬೊಂಬಿ ಕಳಸ್ತೀನಿ, ಕಟ್ಟಿಬಿಡು ಅಂದಿದ್ರು. ಮುಂಜಾನೆ ನೋಡಿದ್ರ ಬಾಜೂ ಗ್ವಾಡಿಗೆ ಒರಗಿಸಿದ್ದು ಕಾಣ್ತು. ಅವರ ಕಳಿಸ್ಯಾರ ಅಂತ ಕೈ ಚಾಚಿ ತೊಗೊಂಡು ಕಟ್ಟೀನ್ರಿ."

"ತಪ್ಪಾಯ್ತಲ್ಲಾ, ಈಗ ಬಿಚ್ಚಿಬಿಡಿ."

"ಬಿಚ್ಚೂದಾ?" ಫಕೀರೇಶ ಎರಡು ಹೆಜ್ಜೆ ಹಿಂದೆ ಸರಿದ. "ಪೂಜಿ ಮಾಡಿ ಕಟ್ಟಿದ ದೃಷ್ಟಿ ಗೃಹಪ್ರವೇಶ ಆಗೂ ತನಕ ಬಿಚ್ಚಂಗಿಲ್ರೀ ಸರ. ಬಿಚ್ಚಿದವ್ನ ಮ್ಯಾಲೇ ಎಲ್ಲಾ ದೃಷ್ಟಿ ಬೀಳ್ತೈತಿ. ನನಗ ಹೆಂಡ್ತಿ ಮಕ್ಕಳದಾರ."

ಶ್ಯಾಮಸುಂದರ ಕೆಳಗಿಳಿದಾಗ ಎದುರುಮನೆಯ ಮಧುಕುಮಾರ್ ತಲೆ ಎತ್ತಿ ನಿಂತಿದ್ದರು. ಇವರು ಆ ಬೀದಿಯ ಸಂಘದ ಕಾರ್ಯದರ್ಶಿ. ಬೇರೆಯವರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎನ್ನುವುದೂ ಇವರಿಗೆ ಬೇಕು.

"ಅಯ್ಯೋ ಶಿವನೇ! ಇದು ನಮ್ಮ ಲಿಂಗಮ್ಮನೋರಲ್ವೇನ್ರೀ?"

"ಅಲ್ಲ ಸಾರ್, ಮೋಹಿನಿ. ಕತೆ ಪುಸ್ತಕದ್ದು."

"ಯಾರ ಕಿವಿಗೆ ಹೂವ ಇಡ್ತೀರಾ? ಹೋದ ವಾರ ಅವರ ಗೇಟ್ ಮುಂದೆ ಸ್ಕೂಟರ್ ನಿಲ್ಸಿದಾಗ ಇದೇ ಮುಖ ನೋಡಿದೀನಿ ಕಣ್ರೀ. ರಾತ್ರಿ ಊಟ ಸೇರ್ಲಿಲ್ಲ ನಂಗೆ." ಮಾತಾಡುತ್ತಲೇ ಮೊಬೈಲ್ ಎತ್ತಿ ಫೋಟೊ ಹೊಡೆದರು.

"ಸಾರ್, ದಮ್ಮಯ್ಯ, ಗ್ರೂಪಿಗೆ ಮಾತ್ರ ಹಾಕ್ಬೇಡಿ. ಆಂಟಿ ನೋಡಿದ್ರೆ ಸಂಜೆಗೆ ನನ್ನ ಹಾಸಿಗೆ ಬೀದೀಲಿರುತ್ತೆ."

"ಛೇ ಛೇ, ನಾನು ಅಂಥೋನಾ?" ಎಂದರು ಮಧುಕುಮಾರ್. ಅಂಥವರೇ.

ಅಷ್ಟರಲ್ಲಿ ನಂಜುಂಡಪ್ಪನವರೇ ಬಂದರು. ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ, ಈಗ ಬಾಡಿಗೆ ಮನೆ ಬೆಳೆಯುತ್ತಿದೆ. ಶ್ಯಾಮಸುಂದರ ಕೈಮುಗಿದು ಎಲ್ಲ ಹೇಳಿದ. ಅವರು ಸೊಂಟದ ಮೇಲೆ ಕೈಯಿಟ್ಟು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ನೋಡಪ್ಪ, ಪಾಯ ತೋಡ್ದಾಗಿಂದ ಈ ಮನೆಗೆ ಒಂದಲ್ಲ ಒಂದು ಕಾಟ. ಇವತ್ತು ಮಿಕ್ಸರ್ ಒಂದೇ ಏಟಿಗೆ ಸ್ಟಾರ್ಟ್ ಆಯ್ತಂತೆ. ಮರಳು ಲಾರಿಯೋನು ಹೇಳಿದ ಟೈಮಿಗೆ ಬಂದವ್ನೆ. ಬೆಂಗಳೂರಲ್ಲಿ ಇದು ಎಲ್ಲಾದ್ರೂ ಉಂಟಾ? ಬಿಚ್ಚೋ ಮಾತೇ ಇಲ್ಲ."

"ಆದ್ರೆ ಸಾರ್, ಅದು ಲಿಂಗಮ್ಮನವರ..."

"ಗೊತ್ತು ಕಣಪ್ಪ. ಅಕ್ಕನ ಮುಖ ಚಿಕ್ಕ ಹುಡುಗ ಆಗಿದ್ದಾಗಿಂದ ನೋಡಿದೀನಿ. ಅದಕ್ಕೇ ಇಷ್ಟು ಚೆನ್ನಾಗಿ ಕೆಲಸ ಮಾಡ್ತಾ ಇದೆ." ನಂಜುಂಡಪ್ಪನವರು ಅಂಗಡಿಯಿಂದ ಸೇವಂತಿಗೆ ಹಾರ ತರಿಸಿ ಚಿತ್ರಕ್ಕೆ ಹಾಕಿಸಿದರು, ಊದಿನಕಡ್ಡಿ ಹಚ್ಚಿಸಿದರು. ಆಮೇಲೆ ದನಿ ತಗ್ಗಿಸಿ, "ಅಕ್ಕ ಏನಾದ್ರೂ ಕೇಳಿದ್ರೆ ನೀನೇ ಬರ್ದಿದ್ದು ಅಂತೀನಿ, ಬೇಜಾರು ಮಾಡ್ಕೋಬೇಡ" ಎಂದು ಬೈಕ್ ಹತ್ತಿದರು. ಮಧುಕುಮಾರ್ ಹಾರದ ಸಮೇತ ಇನ್ನೊಂದು ಫೋಟೊ ಹೊಡೆದುಕೊಂಡರು.

ಮೋಡ ಮತ್ತೆ ಕವಿಯಿತು. ಶ್ಯಾಮಸುಂದರನ ಮನಸ್ಸಿನೊಳಗೂ ಅದೇ ಹವೆ. ರೂಮಿಗೆ ಓಡಿ, ಹಳೆಯದೊಂದು ರಾಕ್ಷಸನ ಚಿತ್ರ ತಂದ. ಎರಡು ಕೊಂಬು, ಹೊರಚಾಚಿದ ನಾಲಿಗೆ, ರಕ್ತ, ಎಲ್ಲ ಧಾರಾಳವಾಗಿತ್ತು. "ಇದನ್ನ ಅದರ ಮುಂದೆ ಕಟ್ಟಿ, ಅದು ಮುಚ್ಚಿದ್ರೆ ಸಾಕು" ಎಂದು ಬೇಡಿಕೊಂಡ. ಇಟ್ಟಿಗೆ ಹೊರುತ್ತಿದ್ದ ಫಕೀರೇಶನ ಹೆಂಡತಿ ಕಸ್ತೂರೆವ್ವ ಬುಟ್ಟಿ ಇಳಿಸಿ ಇಣುಕಿದಳು.

"ಯಣ್ಣಾ, ಇದನ್ನ ನೋಡಿದ್ರ ಪಾಪ ಅನ್ನಸ್ತೈತಿ. ಹಲ್ಲುಬ್ಯಾನಿ ಬಂದವರಂಗ ಬಾಯಿ ತಗದೈತಿ. ಮ್ಯಾಲಿಂದು ಹಂಗಲ್ಲ ನೋಡ್ರಿ. ಮುಂಜಾನಿಂದ ನಮ್ಮ ಮಂದಿ ಯಾರೂ ಬೀಡಿ ಸೇದಾಕ ಕುಂತಿಲ್ಲ."

ಚಿತ್ರಕಾರನಾದವನು ಬದುಕಿನಲ್ಲಿ ಕೇಳಬೇಕೆಂದು ಹಂಬಲಿಸುವ ಮಾತು ಅದು. ಕೇಳಿ ಅವನಿಗೆ ಅಳು ಬಂತು.

ಉಳಿದದ್ದು ಒಂದೇ ದಾರಿ. ಬಿಚ್ಚುವ ಹಾಗಿಲ್ಲ, ಮುಚ್ಚುವ ಹಾಗಿಲ್ಲ. ಆದರೆ ತಿದ್ದಬಾರದು ಎಂದು ಯಾವ ಶಾಸ್ತ್ರವೂ ಹೇಳಿಲ್ಲವಲ್ಲ! "ಅಣ್ಣಾ, ಚಿತ್ರ ಪೂರ್ತಿ ಆಗಿಲ್ಲ. ಮುಖ ಸ್ವಲ್ಪ ತೀಡೋದು ಬಾಕಿ ಇದೆ" ಎಂದ. ಫಕೀರೇಶ ಯೋಚಿಸಿ, "ತೀಡ್ರಿ. ಹಗ್ಗಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ" ಎಂದು ಊಟಕ್ಕೆ ಹೋದ.

ಏಣಿ ಹತ್ತಲೂ ಹೆದರುವವನು ಹೊರಗೋಡೆಗೆ ಕಟ್ಟಿದ್ದ ಬಿದಿರಿನ ಅಟ್ಟಣೆ ಹತ್ತಿ, ಒಂದು ಹಲಗೆಯ ಮೇಲೆ ನಿಂತ. ಕೆಳಗೆ ನೋಡಿದರೆ ತಲೆ ಸುತ್ತುತ್ತಿತ್ತು, ಮುಂದೆ ನೋಡಿದರೆ ಲಿಂಗಮ್ಮನವರು. ಹಸಿ ಬಣ್ಣದ ಮೇಲೆ ಕುಂಚ ಎಳೆದ. ಮೊದಲು ಆ ಹುಬ್ಬು ಅಳಿಸಿದ. ಇಷ್ಟು ವರ್ಷ ಕಾದು ಹುಟ್ಟಿದ ಒಂದೇ ಒಂದು ದೆವ್ವವನ್ನು ತನ್ನ ಕೈಯಾರೆ ಕೊಲ್ಲಬೇಕಾಗಿ ಬಂತಲ್ಲ ಎಂದು ಸಂಕಟಪಟ್ಟ. ಆದರೆ ರೂಮು ಉಳಿಯಬೇಕು. ಕಣ್ಣು ಅಳಿಸಿದ, ಬಾಯಿ ಅಳಿಸಿದ. ಅಳಿಸಿದ ಜಾಗಕ್ಕೆ ಯಾರ ಮುಖ ಹಾಕುವುದು? ಹೆದರಿದ ತಲೆಗೆ ಒಂದು ಮುಖವೂ ಹೊಳೆಯಲಿಲ್ಲ. ಎದುರಿಗೆ ಕೂರಲು ಯಾರೂ ಸಿಗದಿದ್ದಾಗ ಕನ್ನಡಿ ನೋಡಿಕೊಂಡು ಬರೆಯುವುದು ಚಿತ್ರ ಬರೆಯುವವರ ಹಳೆಯ ಚಾಳಿ. ಮೊಬೈಲನ್ನು ಕಂಬಕ್ಕೆ ಒರಗಿಸಿ ಸೆಲ್ಫಿ ಕ್ಯಾಮೆರಾ ಆನ್ ಮಾಡಿದ. ಅದರಲ್ಲಿ ಕಣ್ಣುಬಿಟ್ಟುಕೊಂಡು, ಬೆವತು, ಬಾಯಿ ಒಣಗಿ ನಿಂತಿದ್ದವನನ್ನು ನೋಡಿ, ಸದ್ಯಕ್ಕೆ ಇದೇ ಸಾಕು ಎಂದುಕೊಂಡು ಬರೆದು ಮುಗಿಸಿದ.

ಕೆಳಗಿಳಿದಾಗ ಮನಸ್ಸು ಹಗುರಾಗಿತ್ತು. ಲಿಂಗಮ್ಮನವರ ಒಂದು ಗೆರೆಯೂ ಉಳಿದಿರಲಿಲ್ಲ. "ಥೂ, ಹಾಳು ಮಾಡ್ಬಿಟ್ರಲ್ರೀ" ಎಂದು ಮಧುಕುಮಾರ್ ಮುಖ ಗಂಟಿಕ್ಕಿದರು. ಅದನ್ನು ಕೇಳಿ ಶ್ಯಾಮಸುಂದರನಿಗೆ ಇನ್ನಷ್ಟು ಧೈರ್ಯ ಬಂತು.

ಸಂಜೆ ಒಂದಲ್ಲ, ಮೂರು ಆಟೊ ಬಂದು ನಿಂತವು. ಮೊದಲನೆಯದರಿಂದ ಲಿಂಗಮ್ಮನವರು ಇಳಿದರು. ತಲೆತುಂಬ ಮಲ್ಲಿಗೆ. ಉಳಿದ ಎರಡರಿಂದ ತಂಗಿ, ನಾದಿನಿ, ಸೊಸೆಯಂದಿರು, ನಾಮಕರಣದ ಮಗುವೂ ಸೇರಿ ಅರ್ಧ ಕೆಂಗೇರಿ ಇಳಿಯಿತು. ಲಿಂಗಮ್ಮನವರು ಅಷ್ಟು ಅಗಲವಾಗಿ ನಕ್ಕಿದ್ದನ್ನು ಶ್ಯಾಮಸುಂದರ ಹಿಂದೆಂದೂ ನೋಡಿರಲಿಲ್ಲ.

"ಬಾರಪ್ಪ ಶ್ಯಾಮು! ಎಲ್ಲಿ ಹೋಗಿದ್ದೆ? ತಗೋ, ನಿಂಗೆ ಅಂತ್ಲೇ ಚಿರೋಟಿ ಕಟ್ಟಿಸ್ಕೊಂಡು ಬಂದೆ." ಪೊಟ್ಟಣ ಅವನ ಕೈಗಿಟ್ಟು, ನೆಂಟರ ಕಡೆ ತಿರುಗಿದರು. "ಇವ್ನೇ ಕಣ್ರೇ, ಫೋಟೊ ತೋರಿಸಿದ್ನಲ್ಲಾ, ಅದನ್ನ ಬರ್ದೋನು. ಮಧು ಗ್ರೂಪಿಗೆ ಹಾಕಿದ್ದ. ನಂಜುಂಡ ಹಾರ ಬೇರೆ ಹಾಕಿಸಿದಾನೆ. ಬನ್ನಿ, ತೋರಿಸ್ತೀನಿ."

ಎಲ್ಲರೂ ತಲೆ ಎತ್ತಿದರು.

"ಅತ್ತೆ, ಇದ್ಯಾರೋ ಗಂಡಸಲ್ವಾ?" ಎಂದಳು ಒಬ್ಬಳು ಸೊಸೆ. ಎಲ್ಲರ ಕಣ್ಣೂ ನಿಧಾನವಾಗಿ ಮೂರನೇ ಮಹಡಿಯಿಂದ ಇಳಿದು ಶ್ಯಾಮಸುಂದರನ ಮೇಲೆ ನಿಂತವು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ನನ್ನ ಮುಖ ಅಳಿಸಿ ನಿನ್ನ ಮುಖ ಹಾಕ್ಕೊಂಡ್ಯಾ?" ಲಿಂಗಮ್ಮನವರು ಕಿರುಚಲಿಲ್ಲ. ಅದಕ್ಕೇ ಶ್ಯಾಮಸುಂದರನಿಗೆ ಭಯವಾಯಿತು.

"ಆಂಟಿ, ನೀವು ಬೇಜಾರು ಮಾಡ್ಕೋತೀರ ಅಂತ... ದೆವ್ವದ ಚಿತ್ರ ಅಲ್ವಾ..."

"ನೀನು ದೆವ್ವ ಬರೀತೀಯ ಅಂತ ನಂಗೆ ಗೊತ್ತಿಲ್ವೇನೋ? ನಲ್ಲಿ ರಿಪೇರಿ ಮಾಡಿಸೋಕೆ ನಿನ್ನ ರೂಮಿಗೆ ಬಂದಾಗ ಎಲ್ಲಾನೂ ನೋಡಿದೀನಿ. ಸುಮ್ನಿದ್ದೆ, ಹೊಟ್ಟೆಪಾಡು ಅಂತ." ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ನಮ್ಮೆಜಮಾನ್ರು ಹೋದಾಗ ಈ ಮನೆ ಮೇಲೆ ಎಷ್ಟು ಜನರ ಕಣ್ಣಿತ್ತು ಗೊತ್ತಾ? ಬಾಯಿ ಮಾಡಿ ಮಾಡಿ ಉಳಿಸ್ಕೊಂಡೆ. ಬಜಾರಿ ಅಂದ್ರು, ಅನ್ನಿಸ್ಕೊಂಡೆ. ಇವತ್ತು ಮೊದಲ್ನೇ ಸಲ ಈ ಬೀದಿಯೋರು ನನ್ನ ಮುಖಕ್ಕೆ ಒಂದು ಹಾರ ಹಾಕಿದ್ರು. ಬಂದು ಕಣ್ಣಾರೆ ನೋಡೋಷ್ಟೂ ಬಿಡ್ಲಿಲ್ವಲ್ಲೋ ನೀನು."

ಶ್ಯಾಮಸುಂದರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಲಿಂಗಮ್ಮನವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದರು. "ಆಗಿದ್ದಾಯ್ತು. ಇನ್ನೊಂದು ಬೋರ್ಡ್ ತಗೊಂಡು ಬಾ. ಈಗ್ಲೇ ಬರಿ, ನಾನು ಕೂತ್ಕೋತೀನಿ. ಬೆಳಗ್ಗಿನ ಹಾಗೇ ಬಂದ್ರೆ ಇದ್ಕೋ. ಬರ್ಲಿಲ್ವಾ, ಗಂಟು ಕಟ್ಟು."

ಬೆಳಕಿರುವಾಗಲೇ ಅಂಗಳದಲ್ಲಿ ಕುರ್ಚಿ ಹಾಕಿದರು. ಕೆಂಗೇರಿಯ ನೆಂಟರು ಸುತ್ತ ಕೂತರು, ಮಧುಕುಮಾರ್ ಗೇಟಿನ ಬಳಿ ನಿಂತರು. ಲಿಂಗಮ್ಮನವರು ಹುಬ್ಬು ಏರಿಸಿ, ಬಾಯಿ ಸೊಟ್ಟ ಮಾಡಿ, ತಮ್ಮ ಶಕ್ತಿಯನ್ನೆಲ್ಲ ಹಾಕಿ ಅವನನ್ನು ದುರುಗುಟ್ಟಿ ನೋಡಿದರು. ಎಲ್ಲವೂ ಇದ್ದಲ್ಲೇ ಇತ್ತು. ಆದರೆ ಶ್ಯಾಮಸುಂದರನಿಗೆ ಆ ಸೊಟ್ಟ ಬಾಯಿಯ ಹಿಂದೆ, ಹೊಸದಾಗಿ ವಿಧವೆಯಾಗಿ ಗೇಟು ಹಿಡಿದು ನಿಂತ ಹೆಂಗಸೇ ಕಾಣುತ್ತಿದ್ದಳು. ಹೆದರಿಕೆ ತರಲು ಎಷ್ಟು ಹೆಣಗಿದರೂ ಅದು ಬರಲಿಲ್ಲ. ಕೈ ನಡುಗಲೂ ಇಲ್ಲ. ಹೆದರದ ಕೈಯಲ್ಲಿ ದೆವ್ವ ಹುಟ್ಟುವುದಾದರೂ ಹೇಗೆ?

ಮುಗಿಸಿ, ಬೋರ್ಡನ್ನು ಅವರ ಕಡೆ ತಿರುಗಿಸಿದ. ನೆಂಟರೆಲ್ಲ "ಆಹಾ, ಎಷ್ಟು ಲಕ್ಷಣವಾಗಿ ಬಂದಿದೆ!" ಎಂದರು. ಲಿಂಗಮ್ಮನವರು ಕನ್ನಡಕ ಹಾಕಿಕೊಂಡು, ಹತ್ತಿರ ಬಂದು, ಬಹಳ ಹೊತ್ತು ನೋಡಿದರು.

"ಇದ್ಯಾರೋ?"

"ನೀವೇ ಆಂಟಿ."

"ಇಷ್ಟು ಸಾಧು ಮುಖ ಇದ್ದಿದ್ರೆ ಈ ಬೀದಿ ನನ್ನನ್ನ ಯಾವತ್ತೋ ಹುರಿದು ಮುಕ್ಕಿಬಿಡ್ತಿತ್ತು." ಕನ್ನಡಕ ತೆಗೆದು ಮಡಚಿದರು. "ತಿಂಗಳ ಕೊನೆಗೆ ರೂಮು ಖಾಲಿ ಮಾಡಪ್ಪ."